ಗಾರೆ ಕಲ್ಲಿಗಿಂತ ಮೆತ್ತಗಿರ್ಲಿ

ಕೇಳುಗರಿಗೆಲ್ಲ ನಮಸ್ಕಾರ. ಅಡಿಕೆ ಸುಲಿಯೋಕೆ ಕೂತು ರೇಡಿಯೋ ಹಾಕ್ಕೊಂಡಿರೋರು, ಸೈಟಲ್ಲಿ ಮೊಬೈಲಲ್ಲೇ ಇದನ್ನ ಕೇಳ್ತಾ ಗಾರೆ ಕಲಸ್ತಿರೋ ಮೇಸ್ತ್ರಿಗಳು, ಈ ಸಲ ಮಳೆ ಕಳೀಲಿ ಹಳೇ ಮನೆ ರಿಪೇರಿ ಮಾಡಿಸೇ ಬಿಡೋಣ ಅಂತ ದುಡ್ಡು ಹೊಂದಿಸ್ತಾ ಇರೋರು, ನಿಮಗೆಲ್ಲ ಇವತ್ತು ಒಂದೇ ಮಾತು ಹೇಳೋಕೆ ಬಂದಿದೀನಿ. ಗಾರೆ, ಅಂದ್ರೆ ಕಲ್ಲು ಕಲ್ಲಿನ ಸಂದಲ್ಲಿ ತುಂಬೋದು, ಕಲ್ಲಿಗಿಂತ ಮೆತ್ತಗಿರ್ಬೇಕು. ಮಿಕ್ಕಿದ್ದೆಲ್ಲ ಮರೆತುಹೋದ್ರೂ ಅಡ್ಡಿ ಇಲ್ಲ, ಇದೊಂದು ನೆನಪಿಟ್ಕೊಳ್ಳಿ.

ನಮ್ಮ ಜನಕ್ಕೆ ಒಂದು ನಂಬಿಕೆ ಇದೆ, ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಗೋಡೆ ಗಟ್ಟಿ ಅಂತ. ಮೇಸ್ತ್ರಿ ಸಿಮೆಂಟ್ ಒಂದಕ್ಕೆ ಮರಳು ಆರು ಸಾಕು ಅಂದ್ರೆ ಮಾಲೀಕರಿಗೆ ಅನುಮಾನ, ಇವನೇನು ಚೀಲ ಉಳಿಸ್ತಿದಾನಾ, ಎಲ್ಲಿಗಾದ್ರೂ ಸಾಗಿಸ್ತಾನಾ ಅಂತ. ಒಂದಕ್ಕೆ ಮೂರು ಹಾಕು, ದುಡ್ಡು ನಾನು ಕೊಡ್ತೀನಿ ಅಂತಾರೆ. ದುಡ್ಡು ನಿಮ್ಮದೇ ಸ್ವಾಮಿ, ಆದ್ರೆ ಗೋಡೆ ಹಾಳಾಗೋದೂ ನಿಮ್ಮದೇ ಅಲ್ವಾ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಮನೆ ಕಟ್ಟೋದು ಜಂಬಿಟ್ಟಿಗೆ ಕಲ್ಲಲ್ಲಿ, ಕೆಲವರು ಕೆಂಪುಕಲ್ಲು ಅಂತಾರೆ, ಘಟ್ಟದ ಕೆಳಗೆ ಮುರಕಲ್ಲು ಅಂತಾರೆ. ಈ ಕಲ್ಲಿಗೆ ಐಎಸ್ 3620 ಅಂತ ಒಂದು ಇಂಡಿಯನ್ ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಭಾರ ತಡ್ಕೊಂಡ್ರೆ ಸಾಕು. ಇನ್ನು ಗಾರೆ ನೋಡಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಹಾಕಿದ್ರೆ 3 ನ್ಯೂಟನ್, ಅಂದ್ರೆ ಕಲ್ಲಿಗಿಂತ ಒಂಚೂರು ಕಮ್ಮಿ, ಸರಿಯಾಗಿದೆ. ಅದೇ ಒಂದಕ್ಕೆ ಮೂರು ಹಾಕಿದ್ರೆ 10 ನ್ಯೂಟನ್. ಕಲ್ಲಿನ ಹತ್ತಿರ ಹತ್ತಿರ ಮೂರು ಪಟ್ಟು! ಮೂರು ಪಟ್ಟು ಗಟ್ಟಿ ಇರೋದನ್ನ ಪಕ್ಕದಲ್ಲಿ ಕೂರಿಸಿದ್ರೆ ಸೋಲೋದು ಯಾವುದು? ಕಲ್ಲೇ. ಗೋಡೆ ಒಂಚೂರು ಕೂತ್ರೆ, ಬಿಸಿಲಿಗೆ ಹಿಗ್ಗಿದ್ರೆ, ಬಿರುಕು ಗಾರೆ ಸಂದಲ್ಲಿ ಬರ್ಬೇಕು, ಸಂದಿನದ್ದು ರಿಪೇರಿ ಮಾಡ್ಬಹುದು, ಕಲ್ಲೇ ಸೀಳಿದ್ರೆ ಏನು ಮಾಡ್ತೀರಿ.

ಬಿರುಕಿಗಿಂತ ದೊಡ್ಡ ವಿಷಯ ನೀರು. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳತ್ತೆ, ಅಷ್ಟು ಬೇಡ, ನಿಮ್ಮೂರಲ್ಲಿ ಅದರ ಅರ್ಧ ಬಿದ್ರೂ ಜಂಬಿಟ್ಟಿಗೆ ನೀರು ಕುಡಿಯೋದು ತಪ್ಪಲ್ಲ, ಅದರ ಮೈ ತುಂಬ ತೂತು. ಕುಡೀಲಿ ಬಿಡಿ, ತೊಂದ್ರೆ ಇಲ್ಲ, ಮಳೆ ಬಿಟ್ಮೇಲೆ ಆ ನೀರು ಹೊರಗೆ ಹೋಗೋಕೆ ದಾರಿ ಇದ್ರೆ ಆಯ್ತು. ಸುಣ್ಣದ ಗಾರೆ ಆ ದಾರಿ ಕೊಡತ್ತೆ, ನೀರು ಸಂದಿನಿಂದಾನೇ ಆರಿ ಹೋಗತ್ತೆ. ಗಟ್ಟಿ ಸಿಮೆಂಟ್ ಕೊಡಲ್ಲ. ಆಗ ನೀರೆಲ್ಲ ಕಲ್ಲಿನ ಮುಖದಿಂದಾನೇ ಹೊರಬರ್ಬೇಕು, ಬರ್ತಾ ಲವಣ ಹೊತ್ಕೊಂಡು ಬರತ್ತೆ, ಲವಣ ಮುಖದ ಹತ್ರ ಹರಳುಗಟ್ಟಿ ಕಲ್ಲನ್ನ ಒಳಗಿಂದ ತಳ್ಳತ್ತೆ, ಕಲ್ಲು ಪುಡಿ ಪುಡಿ ಉದುರತ್ತೆ.

ಇದನ್ನ ಕಣ್ಣಾರೆ ನೋಡಿದ ಕತೆ ಒಂದಿದೆ, ಹೇಳ್ಲೇಬೇಕು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ ಸ್ವಲ್ಪ ಒಳಗೆ ಒಂದು ತೋಟದ ಮನೆ. ಅಜ್ಜನ ಕಾಲದ್ದು, ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಹೊರಗಡೆ ಪ್ಲಾಸ್ಟರ್ ಇಲ್ಲ, ಎಷ್ಟೋ ಮಳೆಗಾಲ ಕಂಡು ನೆಟ್ಟಗೆ ನಿಂತಿತ್ತು. ಮಗಳ ಮದುವೆ ಬಂತು ನೋಡಿ, ಮನೆಯವರಿಗೆ ಗೋಡೆ ಲಕ್ಷಣವಾಗಿ ಕಾಣ್ಬೇಕು ಅನ್ನಿಸ್ತು, ತಪ್ಪೇನಿಲ್ಲ, ಯಾರಿಗಾದ್ರೂ ಅನ್ಸತ್ತೆ. ಕಂಟ್ರಾಕ್ಟರ್ ಒಬ್ಬರು ಬಂದ್ರು, ಹಳೇ ಗಾರೆ ಎಲ್ಲ ಸತ್ತಿದೆ ಅಂದ್ರು, ಗ್ರೈಂಡರ್ ಹಾಕಿ ಸಂದೆಲ್ಲ ಕೊಯ್ದು ತೆಗೆದು ಒಂದಕ್ಕೆ ಮೂರು ಸಿಮೆಂಟ್ ತುಂಬಿ, ಸಂದಿನ ಮೇಲೆ ಉಬ್ಬು ಪಟ್ಟಿ ಎಳೆದು, ಅದಕ್ಕೆ ಕಪ್ಪು ಪೇಂಟ್ ಹೊಡೆದ್ರು. ಮದುವೆ ಫೋಟೋದಲ್ಲಿ ಗೋಡೆ ಚಂದ ಕಾಣ್ತಿತ್ತು, ನಾನೂ ನೋಡಿದೀನಿ.

ಆ ಮಳೆಗಾಲದಲ್ಲೇ ಒಳಗಿನ ಗೋಡೆ ಥಂಡಿ ಹಿಡೀತು, ಬೀರಲ್ಲಿಟ್ಟ ಸೀರೆಗೆಲ್ಲ ಬೂಸ್ಟು. ಅದಾದ್ಮೇಲಿನ ಮಳೆ ಮುಗಿಯೋಷ್ಟರಲ್ಲಿ ಗೋಡೆ ಬುಡದಲ್ಲಿ ಕೆಂಪು ಪುಡಿ, ಆ ಮನೆ ಅಮ್ಮ ದಿನಾ ಬೆಳಿಗ್ಗೆ ಗುಡಿಸೋರು, ಮಾರನೇ ದಿನ ಮತ್ತೆ ಅಷ್ಟೇ ಪುಡಿ. ಕಲ್ಲಿಗೆ ವಯಸ್ಸಾಯ್ತು ಸಾರ್, ಕೆಡವಿ ಹೊಸದು ಕಟ್ಟೋದೇನಾ ಅಂತ ಫೋನ್ ಮಾಡಿದ್ರು. ನಾನು ನಮ್ಮ ಹಳೇ ಮೇಸ್ತ್ರಿ ಒಬ್ಬರನ್ನ ಕರ್ಕೊಂಡು ಹೋದೆ. ಹೋಗಿ ನೋಡ್ತೀವಿ, ಕಲ್ಲು ಒಂದು ಬೆರಳು ಒಳಗೆ ಹೋಗಿದೆ, ಸಿಮೆಂಟ್ ಪಟ್ಟಿ ಮಾತ್ರ ಖಾಲಿ ಜೇನು ಹುಟ್ಟಿನ ಥರ ಹಾಗೇ ನಿಂತಿದೆ. ಮೇಸ್ತ್ರಿ ಏನೂ ಮಾತಾಡ್ಲಿಲ್ಲ, ಸೀದಾ ಹಿತ್ಲಿಗೆ ಹೋದ್ರು. ಅಲ್ಲಿ ಕೊಟ್ಟಿಗೆ ಗೋಡೆ ಇತ್ತು, ಅದೇ ಕಲ್ಲು, ಅದೇ ಕಾಲದ್ದು, ಗಾಳಿ ಮಳೆ ಎಲ್ಲ ನೇರ ಹೊಡೆಯೋದು ಅದಕ್ಕೇ. ಮದುವೆಗೆ ಕೊಟ್ಟಿಗೆಗ್ಯಾಕೆ ಖರ್ಚು ಅಂತ ಅದನ್ನ ಮುಟ್ಟಿರ್ಲಿಲ್ಲ. ಅದರ ಕಲ್ಲು ಅಂಚು ಸಮೇತ ಚೊಕ್ಕವಾಗಿದೆ, ಉಳಿ ಗುರುತು ಕೂಡ ಕಾಣ್ತಿದೆ! ಮೇಸ್ತ್ರಿ ಆ ಸಂದನ್ನ ಉಗುರಲ್ಲಿ ಕೆರೆದು ತೋರಿಸಿದ್ರು, ಗಾರೆ ಸ್ವಲ್ಪ ಉದುರ್ತು, ನೋಡಿ ಯಜಮಾನ್ರೇ ಸವೀಬೇಕಾಗಿದ್ದು ಇದು, ಕಲ್ಲಲ್ಲ ಅಂದ್ರು. ನಾನು ಎಷ್ಟು ಭಾಷಣ ಮಾಡಿದ್ರೂ ಆ ಮನೆಯವರಿಗೆ ಅಷ್ಟು ಮನದಟ್ಟಾಗ್ತಿರ್ಲಿಲ್ಲ.

ಆಮೇಲೆ ರಿಪೇರಿ ಮಾಡಿದ್ವಿ. ಸಿಮೆಂಟನ್ನ ಚಾಣ ಸುತ್ತಿಗೆ ಹಿಡಿದು ನಿಧಾನಕ್ಕೆ ಬಿಡಿಸಿದ್ವಿ, ಗ್ರೈಂಡರ್ ಮುಟ್ಟೋಕೆ ಬಿಡ್ಲಿಲ್ಲ, ಅದು ಕಲ್ಲಿನ ಅಂಚು ತಿಂದುಬಿಡತ್ತೆ. ಪೂರ್ತಿ ಪುಡಿಯಾದ ಕಲ್ಲು ಕೆಲವು ಬದಲಾಯಿಸ್ಬೇಕಾಯ್ತು. ಸಂದನ್ನ ಒಂದಿಂಚು ಆಳ ಕ್ಲೀನ್ ಮಾಡಿ, ನೀರು ಚಿಮುಕಿಸಿ, ಒಂದು ಪಾಲು ಸುಣ್ಣ ಮೂರು ಪಾಲು ಮರಳಿನ ಗಾರೆ ಒತ್ತಿ ತುಂಬಿ, ಕಲ್ಲಿನ ಮುಖಕ್ಕಿಂತ ಕೂದಲೆಳೆಯಷ್ಟು ಒಳಗೇ ಬಿಟ್ಟು ಮುಗಿಸಿದ್ವಿ. ಉಬ್ಬು ಪಟ್ಟಿ ಇಲ್ಲ, ಪೇಂಟ್ ಇಲ್ಲ. ಈಗ ಆ ಗೋಡೆ ಮಳೇಲಿ ನೆನೆಯತ್ತೆ, ಬಿಸಿಲು ಬಂದ್ರೆ ಒಣಗತ್ತೆ.

ಸುಣ್ಣ ಅಂದ ತಕ್ಷಣ ಅದು ನಿಲ್ಲತ್ತಾ ಸಾರ್ ಅಂತ ಕೇಳ್ತಾರೆ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗಿದ್ದು, ಕಟ್ಟಿದ್ದು ಸುರ್ಕಿ ಗಾರೇಲಿ, ಅಂದ್ರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ ಸೇರಿಸಿದ ಗಾರೆ. ಅಷ್ಟು ಕಾವೇರಿ ನೀರು ತಡೆದು ನಿಂತಿದೆ, ನಿಮ್ಮ ಜಗುಲಿ ಗೋಡೆ ನಿಲ್ಲಲ್ವಾ? ಸುಣ್ಣದ ಕಲ್ಲನ್ನ ಸುಮಾರು 900 ಡಿಗ್ರಿಗೆ ಸುಟ್ರೆ ಅದರಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೋಗತ್ತೆ, ಗಾರೆ ಮಾಡಿ ಗೋಡೆಗೆ ಹಾಕಿದ್ಮೇಲೆ ಗಾಳಿಯಿಂದ ಅದನ್ನೇ ವಾಪಸ್ ಎಳ್ಕೊಂಡು ಮತ್ತೆ ಕಲ್ಲಾಗತ್ತೆ. ನಿಧಾನಕ್ಕೆ ಆಗತ್ತೆ, ಅಷ್ಟೇ. ಹಾಗಾಗಿ ಜಡಿಮಳೇಲಿ ಈ ಕೆಲಸ ಬೇಡ, ದೀಪಾವಳಿ ಕಳೆದ್ಮೇಲೆ ಶುರು ಮಾಡಿ, ಬಿಸಿಲು ಜೋರಿದ್ರೆ ಒದ್ದೆ ಗೋಣಿಚೀಲ ಇಳಿಬಿಡಿ. ನಮ್ಮ ಹಿರಿಯರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕೋರು, ಅದೇ ಒಂದು ದೊಡ್ಡ ಕತೆ, ಹೇಳೋಕೆ ಆಸೆ ಇದೆ, ಆದ್ರೆ ಗಾಜಿನ ಆ ಕಡೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ.

ಬೇಗ ಬೇಗ ಹೇಳ್ತೀನಿ. ಹೊಸ ಗೋಡೆ ಕಟ್ಟೋರು ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು ಹಾಕಿ, ಜಂಬಿಟ್ಟಿಗೆಗೆ ಚೆನ್ನಾಗಿ ಹೊಂದತ್ತೆ. ಸುಣ್ಣ ಸಿಗ್ಲಿಲ್ಲ ಅಂದ್ರೆ ಬರೀ ಒಂದಕ್ಕೆ ಆರು. ಕಲ್ಲು ಕ್ವಾರಿಯಿಂದ ಬಂದ ದಿನವೇ ಕಟ್ಬೇಡಿ, ಹಸಿ ಜಂಬಿಟ್ಟಿಗೆ ಮೆತ್ತಗಿರತ್ತೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗತ್ತೆ. ಸಿಮೆಂಟ್ ಗಾರೆ ಬಿಗಿಯಾಯ್ತು ಅಂತ ಮತ್ತೆ ನೀರು ಸುರಿದು ಕಲಸ್ಬೇಡಿ, ಅದರ ಶಕ್ತಿ ಹೋಯ್ತು ಅಂತಲೇ ಲೆಕ್ಕ. ಕಟ್ಟಿದ ಗೋಡೆಗೆ ವಾರ ಹತ್ತು ದಿನ ನೀರು ಹಾಕಿ. ಹಳೇ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಖಂಡಿತ ಬೇಡ, ಸುಣ್ಣ ಬಳೀರಿ. ಮಳೆಗೆ ಮುಂಚೆ ಹಂಚು ಕೈಯಾಡಿಸಿ, ಸೂರಿನ ನೀರು ಗೋಡೆ ಬುಡಕ್ಕೆ ಸಿಡಿಯದ ಹಾಗೆ ನೋಡ್ಕೊಳ್ಳಿ, ಗಾಳಿ ಹೊಡೆಯೋ ಕಡೆ ಹಿಂದಿನವರ ಹಾಗೆ ಅಡಿಕೆ ಸೋಗೆ ತಟ್ಟಿ ಕಟ್ಟಿದ್ರೆ ಇನ್ನೂ ಒಳ್ಳೇದು.

ನಿಮ್ಮ ಮನೇದು ಹೇಗಿದೆ ಅಂತ ಗೊತ್ತಾಗ್ಬೇಕಾ, ಇವತ್ತೇ ಬೀಗದ ಕೈ ತಗೊಂಡು ಮೊದಲು ಕಲ್ಲು ಕೆರೀರಿ, ಆಮೇಲೆ ಸಂದು ಕೆರೀರಿ. ಸಂದು ಮೊದಲು ಉದುರಿದ್ರೆ ನೆಮ್ಮದಿಯಾಗಿರಿ. ಕಲ್ಲು ಉದುರಿ ಸಂದು ಜಪ್ಪಯ್ಯ ಅನ್ನದಿದ್ರೆ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರೀನ ಹುಡುಕಿ, ಗಾರೆ ಕಲ್ಲಿಗಿಂತ ಮೆತ್ತಗಿರ್ಬೇಕು ಅಂತ ಅವರಿಗೆ ಮೊದಲೇ ಹೇಳಿ. ಮತ್ತೆ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಮನೇಲೇ ಅರಳಿಸೋದಾದ್ರೆ ಮಕ್ಕಳನ್ನ ದೂರ ಇಡಿ, ಅದು ಕೊತ ಕೊತ ಕುದ್ದು ಹಾರತ್ತೆ, ಕಣ್ಣಿಗೆ ಬಿದ್ರೆ ತಕ್ಷಣ ತುಂಬಾ ಹೊತ್ತು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ನಮಸ್ಕಾರ.