ಒಂದೇ ಮೇಣದಬತ್ತಿಯ ಬೆಳಕಿನಲ್ಲಿ

ನಮಸ್ಕಾರ, ಕೇಳುಗರೇ.

ಮಕ್ಕಳು ಆಡುವ ಗೊಂಬೆಯಾಟದ ಸರಂಜಾಮು. ರಟ್ಟಿನಲ್ಲಿ ಕತ್ತರಿಸಿದ ಗೊಂಬೆಗಳಲ್ಲಿ ಒಂದು ದೆವ್ವ: ಎತ್ತರದ ಮೈ, ಬಿಳಿ ಬಟ್ಟೆ, ಎಳೆದು ಉದ್ದ ಮಾಡಿದಂಥ ಸಪೂರ ತಲೆ. ಅದನ್ನು ಕಂಡ ಹುಡುಗನೊಬ್ಬನ ಕನಸಿಗೆ ಆ ಆಕೃತಿ ವರ್ಷಗಟ್ಟಲೆ ಬರುತ್ತಿತ್ತಂತೆ. ದೆವ್ವದ ಕಥೆಗಳಲ್ಲಿ ತನಗೆ ಆಸಕ್ತಿ ಹುಟ್ಟಿದ್ದು ಅಲ್ಲಿಂದಲೇ ಎಂದು ಮುಪ್ಪಿನಲ್ಲಿ ನೆನಪಿಸಿಕೊಂಡವರು ಇಂಗ್ಲೆಂಡಿನ ಎಂ. ಆರ್. ಜೇಮ್ಸ್.

1862ರಲ್ಲಿ ಹುಟ್ಟಿದ ಜೇಮ್ಸ್ ವೃತ್ತಿಯಿಂದ ವಿದ್ವಾಂಸರು. ಕೇಂಬ್ರಿಜ್‌ನಲ್ಲಿ ಮಧ್ಯಯುಗದ ಹಸ್ತಪ್ರತಿಗಳನ್ನು ಓದಿ, ಅವುಗಳ ಸೂಚಿಗಳನ್ನು ಸಿದ್ಧಪಡಿಸುವ ಕೆಲಸ. ಧೂಳು, ಹುಳ, ಮಾಸಿದ ಶಾಯಿ. ಇದಕ್ಕಿಂತ ಸಪ್ಪೆಯಾದ ಬದುಕು ಉಂಟೇ ಎನ್ನಿಸಬಹುದು. ಅವರ ಕಥೆಗಳ ಬಂಡವಾಳವೆಲ್ಲ ಇದೇ ಧೂಳಿನದು. 1892ರಲ್ಲಿ ಫ್ರಾನ್ಸಿನ ಬೆಟ್ಟದ ತಪ್ಪಲಿನ ಹಳೆಯ ಚರ್ಚೊಂದನ್ನು ನೋಡಿ ಬಂದರು. ಅದೇ ಚರ್ಚಿನಲ್ಲಿ ಹಳೆಯ ಪುಸ್ತಕವೊಂದನ್ನು ಕೊಂಡು ಆಪತ್ತನ್ನೂ ಜೊತೆಗೆ ಕೊಂಡ ಪಂಡಿತನ ಕಥೆ ಹುಟ್ಟಿತು.

ಆ ಕಥೆಯನ್ನು ಅವರು ಮೊದಲು ಓದಿದ್ದು 1893ರ ಅಕ್ಟೋಬರ್‌ನಲ್ಲಿ, ಗೆಳೆಯರ ಸಣ್ಣ ಕೂಟದಲ್ಲಿ. ಕ್ರಮೇಣ ಕ್ರಿಸ್‌ಮಸ್ ಹೊತ್ತಿಗೊಂದು ಹೊಸ ಕಥೆ ಓದುವ ರೂಢಿ ಬಿತ್ತು. ಗೆಳೆಯರು ಕಾಯುತ್ತಿದ್ದರು, ಜೇಮ್ಸ್ ಒಳಕೋಣೆಯಲ್ಲಿ ಇನ್ನೂ ಬರೆಯುತ್ತಿದ್ದರು. ಶಾಯಿ ಆರದ ಹಾಳೆಗಳೊಂದಿಗೆ ಹೊರಬಂದು, ಒಂದನ್ನು ಬಿಟ್ಟು ಉಳಿದ ಮೇಣದಬತ್ತಿಗಳನ್ನೆಲ್ಲ ಆರಿಸಿ ಓದಲು ಕೂರುತ್ತಿದ್ದರಂತೆ. ಕತ್ತಲಿನಲ್ಲಿ ಒಂದು ದನಿ, ಕಿವಿಗೊಟ್ಟು ಕುಳಿತವರು ಕೆಲವರು. ಬಾನುಲಿಯಲ್ಲಿ ಮಾತನಾಡುವ ನನ್ನಂಥವನಿಗೆ ಹೊಟ್ಟೆಕಿಚ್ಚಾಗುವ ದೃಶ್ಯವಿದು.

ಅವರ ಕಥನದ ಗುಟ್ಟು ಈ ಓದಿನಲ್ಲಿದೆ ಎಂದು ನನ್ನ ಎಣಿಕೆ. ಎದುರಿಗೆ ಕುಳಿತವರ ಉಸಿರು ಕೇಳಿಸುವಾಗ ವರ್ಣನೆಯನ್ನು ಹಿಗ್ಗಿಸಲಾಗದು. ಅವರ ದೆವ್ವ ಪೂರ್ತಿಯಾಗಿ ಕಾಣಿಸುವುದು ಅಪರೂಪ. ಒಂದು ಕೈ, ಒದ್ದೆಯಾದ ಏನೋ ಒಂದು, ಅಷ್ಟೇ. ಕಡಲ ದಂಡೆಯ ಪಾಳುಗಟ್ಟಡದಲ್ಲಿ ಸಿಕ್ಕ ಸೀಟಿಯನ್ನು ಊದಿದ ಪ್ರಾಧ್ಯಾಪಕನ ಕಥೆಯಲ್ಲಿ, ವಸತಿಗೃಹದ ಕೋಣೆಯ ಖಾಲಿ ಮಂಚದಿಂದ ಹೊದಿಕೆಯೇ ಮೈತಳೆದು ಏಳುತ್ತದೆ. ಅದರ ಮುಖ ಮುದುಡಿದ ಬಟ್ಟೆ. ರಟ್ಟಿನ ಆ ಬಿಳಿಯ ಗೊಂಬೆ ಇಲ್ಲಿ ಮತ್ತೆ ಬಂದಿತೇ? ನನಗಂತೂ ಹಾಗೆಯೇ ತೋರುತ್ತದೆ.

ದೆವ್ವದ ಕಥೆಗಳನ್ನು ಬರೆದ ಐರ್ಲೆಂಡಿನ ಹಿಂದಿನ ತಲೆಮಾರಿನ ಲೇಖಕ ಲೆ ಫಾನು ಅವರ ಬಗ್ಗೆ ಜೇಮ್ಸ್‌ಗೆ ಬಹಳ ಗೌರವ. ಅವರ ಮರೆತುಹೋದ ಕಥೆಗಳನ್ನು ಹುಡುಕಿ 1923ರಲ್ಲಿ ಪುಸ್ತಕವಾಗಿ ತಂದರು.

ಆದರೆ ತಮ್ಮ ಕಥೆಗಳನ್ನು ಸಂಕಲನವಾಗಿಸುವ ಆತುರ ಅವರಿಗಿರಲಿಲ್ಲ. ಎರಡು ಕಥೆಗಳು 1895ರಲ್ಲಿ ಪತ್ರಿಕೆಗಳಲ್ಲಿ ಬಂದಿದ್ದವು, ನಿಜ. ಜೇಮ್ಸ್ ಮೆಕ್‌ಬ್ರೈಡ್ ಎಂಬ ಕಿರಿಯ ಗೆಳೆಯ ಚಿತ್ರ ಬರೆಯಲು ಮುಂದಾದಾಗ ಪುಸ್ತಕದ ಮಾತು ಗಟ್ಟಿಯಾಯಿತು. ನಾಲ್ಕು ಚಿತ್ರಗಳು ಮುಗಿದಿದ್ದವು. 1904ರ ಜೂನ್‌ನಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮೆಕ್‌ಬ್ರೈಡ್ ತೀರಿಕೊಂಡರು.

ಅದೇ ವರ್ಷ ಎಂಟು ಕಥೆಗಳ ಸಂಕಲನ ಹೊರಬಂತು. ಬೇರೆ ಕಲಾವಿದನಿಂದ ಉಳಿದ ಚಿತ್ರಗಳನ್ನು ಬರೆಸಲಿಲ್ಲ. ಹೆಚ್ಚಿನ ಕಥೆಗಳಿಗೆ ಚಿತ್ರವೇಕಿಲ್ಲ ಎಂಬುದನ್ನು ಜೇಮ್ಸ್ ಮುನ್ನುಡಿಯಲ್ಲಿ ಎರಡು ಮಾತಿನಲ್ಲಿ ಹೇಳಿ ಸುಮ್ಮನಾದರು. ಎಂಟರಲ್ಲಿ ಆರು ಕಥೆಗಳು ಚಿತ್ರವಿಲ್ಲದೆಯೇ ಅಚ್ಚಾದವು. ಗೆಳೆಯ ಬರೆದುಕೊಟ್ಟ ನಾಲ್ಕರಲ್ಲಿ ಒಂದು, ಮಂಚದಿಂದೆದ್ದ ಆ ಬಿಳಿ ಹೊದಿಕೆಯದು.