ಗೆದ್ದ ಹೆಟ್ಮನ್, ಬಾರದ ಸಂಬಳ

ಕೇಳುಗರೆಲ್ಲರಿಗೂ ನಮಸ್ಕಾರ.

1605ನೇ ಇಸವಿ ಸೆಪ್ಟೆಂಬರ್ 27ರ ಬೆಳಗ್ಗೆ. ಬಾಲ್ಟಿಕ್ ಸಮುದ್ರದ ಹತ್ತಿರ, ರೀಗಾ ಪಟ್ಟಣದಿಂದ ಸ್ವಲ್ಪ ದೂರದಲ್ಲಿ, ದೌಗಾವ ನದಿಯ ದಡ. ಊರಿನ ಹೆಸರು ಕಿರ್ಖೋಲ್ಮ್. ಈಗ ಅದನ್ನು ಸಾಲಸ್ಪಿಲ್ಸ್ ಅನ್ನುತ್ತಾರೆ, ಲಾಟ್ವಿಯಾ ದೇಶದಲ್ಲಿದೆ. ದಿಬ್ಬದ ಮೇಲೆ ಸ್ವೀಡನ್ನಿನ ಸೈನ್ಯ ನಿಂತಿದೆ. ಸುಮಾರು 11,000 ಜನ, 11 ಫಿರಂಗಿ. ರಾತ್ರಿಯೆಲ್ಲ ಮಳೆಯಲ್ಲಿ ನಡೆದು ಬಂದವರು. ಅವರ ದೊರೆ ಒಂಬತ್ತನೇ ಚಾರ್ಲ್ಸ್ ಕೂಡ ಅವರ ಜೊತೆಗೇ ಇದ್ದಾನೆ. ಎದುರಿಗೆ ಬಯಲಿನಲ್ಲಿ ಲಿಥುವೇನಿಯಾದ ಸೈನ್ಯ. ಅಲ್ಲಿರುವುದು 3,600ರ ಆಸುಪಾಸು ಜನ, ಅಷ್ಟೇ. ಅವರಿಗೆ ಸಂಬಳ ಬಾಕಿ ಇದೆ. ಅವರನ್ನು ಆ ಬಯಲಿನಲ್ಲಿ ಹಿಡಿದು ನಿಲ್ಲಿಸಿದ್ದು ಒಬ್ಬ ಮನುಷ್ಯ.

ಅವನ ಹೆಸರು ಯಾನ್ ಕರೋಲ್ ಖೊಡ್ಕೆವಿಚ್. ಲಿಥುವೇನಿಯಾದವರು ಯೋನಾಸ್ ಕಾರೋಲಿಸ್ ಅನ್ನುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಇವನ ಬಗ್ಗೆ. ಯುದ್ಧ ಗೆಲ್ಲುವುದು ಬೇರೆ, ಗೆದ್ದದ್ದನ್ನು ಉಳಿಸಿಕೊಳ್ಳುವುದು ಬೇರೆ. ಈ ಮಾತು ನನಗೆ ಇವನ ಬದುಕಿನಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಂಡಿಲ್ಲ.

ಮೊದಲು ಆ ಕಾಲದ ರಾಜ್ಯ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. 1569ರಲ್ಲಿ ಲುಬ್ಲಿನ್ ಅನ್ನುವ ಊರಿನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದಾದವು. ದೊರೆ ಒಬ್ಬ, ಸಂಸತ್ತು ಒಂದು. ಆ ಸಂಸತ್ತಿಗೆ ಸೆಯ್ಮ್ ಎಂದು ಹೆಸರು. ಆದರೆ ಸೈನ್ಯ ಬೇರೆ ಬೇರೆ, ಖಜಾನೆ ಬೇರೆ ಬೇರೆ, ಅಧಿಕಾರಿಗಳೂ ಬೇರೆ ಬೇರೆ. ಒಂದು ಮನೆ, ಎರಡು ಒಲೆ ಅನ್ನಿ. ಲಿಥುವೇನಿಯಾದ ಸೈನ್ಯದ ದಂಡನಾಯಕನಿಗೆ ಮಹಾ ಹೆಟ್ಮನ್ ಎನ್ನುತ್ತಿದ್ದರು. ಒಮ್ಮೆ ಹೆಟ್ಮನ್ ಆದರೆ ಸಾಯುವ ತನಕ ಹೆಟ್ಮನ್. ದೊಡ್ಡ ಅಧಿಕಾರ. ಆದರೆ ಯುದ್ಧಕ್ಕೆ ಹಣ ಬೇಕೆಂದರೆ ಸೆಯ್ಮ್‌ನಲ್ಲಿ ಕೂತ ಜಮೀನ್ದಾರರು ತೆರಿಗೆಗೆ ಒಪ್ಪಬೇಕಿತ್ತು. ದೊರೆ ಬಲವಾಗಿಬಿಟ್ಟರೆ ತಮ್ಮ ಸ್ವಾತಂತ್ರ್ಯ ಹೋಯಿತು ಎಂಬ ಭಯ ಅವರಿಗೆ. ಹಾಗಾಗಿ ಹಣ ತಡವಾಗಿ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ.

ಖೊಡ್ಕೆವಿಚ್ ಹುಟ್ಟಿದ್ದು 1560ರ ಸುಮಾರಿಗೆ. ಅಪ್ಪನೂ ದೊಡ್ಡ ಅಧಿಕಾರಿ, ಲಿವೋನಿಯಾ ಪ್ರಾಂತ್ಯವನ್ನು, ಅಂದರೆ ರೀಗಾ ಸುತ್ತಲಿನ ಬಾಲ್ಟಿಕ್ ಸೀಮೆಯನ್ನು, ಆಳಿದವನು. ಮಗ ಓದಿದ್ದು ವಿಲ್ನಿಯಸ್ ಪಟ್ಟಣದ ಜೆಸ್ಯೂಟ್ ಪಾದ್ರಿಗಳ ಹತ್ತಿರ. ಆಮೇಲೆ ತಮ್ಮ ಅಲೆಕ್ಸಾಂಡರ್ ಜೊತೆ ಜರ್ಮನಿಯ ಇಂಗೊಲ್‌ಸ್ಟಾಟ್‌ಗೆ ಹೋಗಿ ಓದಿದ. ಊರಿಗೆ ಬಂದ ಮೇಲೆ 1596ರಲ್ಲಿ ಉಕ್ರೇನಿನ ಕೊಸಾಕರು ಎಂಬ ಹೋರಾಟಗಾರ ಸವಾರರ ದಂಗೆ ಅಡಗಿಸುವ ಸೈನ್ಯದಲ್ಲಿ ಯುದ್ಧದ ಪಾಠ ಕಲಿತ. ಸಿಟ್ಟು ಜಾಸ್ತಿ, ಕೈ ಕಠಿಣ. ಸೈನಿಕರು ಅವನನ್ನು ಪ್ರೀತಿಸಿದ್ದಕ್ಕಿಂತ ಅವನಿಗೆ ಹೆದರಿದ್ದೇ ಹೆಚ್ಚು.

1600ರಲ್ಲಿ ನಡೆದ ಒಂದು ಘಟನೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸ್ಲುತ್ಸ್ಕ್ ಸಂಸ್ಥಾನದ ಒಡತಿ ಸೋಫಿಯಾ ಓಲೆಲ್ಕೊವಿಚ್, ಅಪ್ಪ ಅಮ್ಮ ಇಲ್ಲದ ಹುಡುಗಿ. ಅವಳ ಆಸ್ತಿ ಬೆಟ್ಟದಷ್ಟು. ಅವಳನ್ನು ನೋಡಿಕೊಳ್ಳುತ್ತಿದ್ದದ್ದು ಖೊಡ್ಕೆವಿಚ್ ಮನೆತನ. ರಾದ್ಜಿವಿಲ್ ಅನ್ನುವ ಇನ್ನೊಂದು ದೊಡ್ಡ ಮನೆತನದ ಹುಡುಗ ಯಾನುಷ್‌ಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಅವಳಿಗೆ ಹದಿನೈದು ತುಂಬುವ ಹೊತ್ತಿಗೆ ಎರಡು ಮನೆತನಗಳ ನಡುವೆ ಜಮೀನು, ಸಾಲದ ಜಗಳ ಹತ್ತಿಕೊಂಡಿತು. ಖೊಡ್ಕೆವಿಚ್‌ಗಳು ಹುಡುಗಿಯನ್ನು ಕೊಡುವುದಿಲ್ಲ ಎಂದರು. ರಾದ್ಜಿವಿಲ್‌ಗಳು ಸಾವಿರಾರು ಸೈನಿಕರನ್ನು ವಿಲ್ನಿಯಸ್‌ಗೆ ತಂದು ನಿಲ್ಲಿಸಿದರು. ಖೊಡ್ಕೆವಿಚ್‌ಗಳು ಪಟ್ಟಣದ ನಡುವೆ ಇದ್ದ ತಮ್ಮ ಬಂಗಲೆಗೆ ಫಿರಂಗಿ ಏರಿಸಿದರು. ಆ ಬಂಗಲೆ ಇವತ್ತಿಗೂ ಇದೆ, ಈಗ ಅದರಲ್ಲಿ ಚಿತ್ರಗಳ ಸಂಗ್ರಹಾಲಯ ನಡೆಯುತ್ತಿದೆ. ಪುಣ್ಯಕ್ಕೆ ದೊಡ್ಡವರು ನಡುವೆ ಬಂದರು, ಗುಂಡು ಹಾರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಮದುವೆಯೂ ಆಯಿತು. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳಿರಲಾರರು, ಅಲ್ವಾ? ಯಾನುಷ್ ರಾದ್ಜಿವಿಲ್ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಅದೇ ವರ್ಷ ಸ್ವೀಡನ್ ಲಿವೋನಿಯಾಕ್ಕೆ ನುಗ್ಗಿತು. ಇದೂ ಒಂದು ಮನೆಜಗಳವೇ. ಪೋಲೆಂಡ್-ಲಿಥುವೇನಿಯಾದ ದೊರೆ ಮೂರನೇ ಸಿಗಿಸ್ಮಂಡ್ ಸ್ವೀಡನ್ನಿಗೂ ದೊರೆಯಾಗಿದ್ದವನು. ಅಲ್ಲಿನ ಸಿಂಹಾಸನ ಕಿತ್ತುಕೊಂಡವನು ಅವನ ಸ್ವಂತ ಚಿಕ್ಕಪ್ಪ ಚಾರ್ಲ್ಸ್. 1601ರಲ್ಲಿ ಖೊಡ್ಕೆವಿಚ್ ಲಿಥುವೇನಿಯಾದ ಎರಡನೇ ದಂಡನಾಯಕನಾದ. 1603ರಲ್ಲಿ ಡೋರ್ಪಾಟ್ ಕೋಟೆ ಹಿಡಿದ. 1604ರಲ್ಲಿ ವೈಸೆನ್‌ಸ್ಟೈನ್ ಹತ್ತಿರ ತನಗಿಂತ ಎರಡು ಪಟ್ಟಿಗೂ ದೊಡ್ಡ ಸೈನ್ಯವನ್ನು ಸೋಲಿಸಿದ.

ಈಗ ಕಿರ್ಖೋಲ್ಮ್‌ಗೆ ವಾಪಸ್ ಬರೋಣ.

ಚಾರ್ಲ್ಸ್ ರೀಗಾಕ್ಕೆ ಮುತ್ತಿಗೆ ಹಾಕಿದ್ದ. ಖೊಡ್ಕೆವಿಚ್ ಬರುತ್ತಿದ್ದಾನೆ ಎಂದು ಗೊತ್ತಾಗಿ ಅವನನ್ನು ಮುಗಿಸಲು ರಾತ್ರೋರಾತ್ರಿ ಹೊರಟ. ಬೆಳಗ್ಗೆ ಬಂದು ನೋಡಿದರೆ ಎದುರಾಳಿ ಸಿದ್ಧನಾಗಿ ನಿಂತಿದ್ದಾನೆ. ಅವನ ಕುದುರೆಗಳು ಚೆನ್ನಾಗಿ ಮೇದು, ವಿಶ್ರಾಂತಿ ಪಡೆದು ನಿಂತಿವೆ. ನೆರೆಯ ಕೂರ್ಲಂಡ್ ಸಂಸ್ಥಾನದ ಡ್ಯೂಕ್ ಫ್ರೆಡ್ರಿಕ್ 300 ಸವಾರರನ್ನು ಕರೆದುಕೊಂಡು ನದಿ ದಾಟಿ ಬಂದು ಸೇರಿಕೊಂಡಿದ್ದಾನೆ. ಖೊಡ್ಕೆವಿಚ್ ಹತ್ತಿರ ಕಾಲಾಳು ಸುಮಾರು 1,000, ಉಳಿದದ್ದು ಕುದುರೆ ಪಡೆ. ಆ ಪಡೆಯ ಜೀವಾಳ ಹುಸಾರರು. ಗರಿಯ ರೆಕ್ಕೆ ಕಟ್ಟಿಕೊಂಡ ಸವಾರರು ಎಂದು ಚಿತ್ರಗಳಲ್ಲಿ ನೋಡಿರುತ್ತೀರಿ. ಅವರ ಬಲ ಇದ್ದದ್ದು ರೆಕ್ಕೆಯಲ್ಲಿ ಅಲ್ಲ, ಉದ್ದನೆಯ ಭರ್ಜಿಯಲ್ಲಿ. ಒಳಗೆ ಪೊಳ್ಳು ಮಾಡಿ ಹಗುರಗೊಳಿಸಿದ ಮರದ ಭರ್ಜಿ ಅದು.

ಬೆಳಗ್ಗೆ ಬಹಳ ಹೊತ್ತು ಯಾರೂ ಮುಂದೆ ಬರಲಿಲ್ಲ. ದಿಬ್ಬ ಬಿಟ್ಟು ಇಳಿಯಲು ಚಾರ್ಲ್ಸ್‌ಗೆ ಇಷ್ಟವಿಲ್ಲ. ದಿಬ್ಬ ಹತ್ತುವುದು ಖೊಡ್ಕೆವಿಚ್‌ಗೆ ಆಗದ ಮಾತು. ಆಗ ಖೊಡ್ಕೆವಿಚ್ ತನ್ನ ಹಗುರ ಸವಾರರನ್ನು ಮುಂದೆ ಕಳಿಸಿ, ಸೋತವರಂತೆ ಹಿಂದಕ್ಕೆ ಓಡಿಸಿದ. ಸ್ವೀಡರು ನಂಬಿದರು. ದಿಬ್ಬ ಇಳಿದು ಬೆನ್ನಟ್ಟಿದರು. ಅವರು ಬಯಲಿಗೆ ಬಂದದ್ದೇ ತಡ, ಹುಸಾರರು ಎರಗಿದರು. ಮೊದಲು ಮುರಿದದ್ದು ಸ್ವೀಡರ ಕುದುರೆ ಪಡೆ. ಅದು ಓಡುವಾಗ ತನ್ನದೇ ಕಾಲಾಳುಗಳ ಸಾಲು ಕೆಡಿಸಿತು. ಆಮೇಲೆ ನಡೆದದ್ದು ಯುದ್ಧ ಅಲ್ಲ, ಕೊಲೆ. ಸಾವಿರಾರು ಸ್ವೀಡರು ಆ ಬಯಲಿನಲ್ಲಿ, ಕಾಡಿನ ದಾರಿಯಲ್ಲಿ ಸತ್ತರು. ಚಾರ್ಲ್ಸ್‌ನ ಕುದುರೆಯೂ ಬಿತ್ತು. ಹೈನ್ರಿಕ್ ವ್ರೇಡೆ ಎಂಬ ಸರದಾರ ತನ್ನ ಕುದುರೆ ಕೊಟ್ಟು ದೊರೆಯನ್ನು ಉಳಿಸಿದ, ತಾನು ಸತ್ತ. ಲಿಥುವೇನಿಯಾ ಕಡೆ ಸತ್ತವರು ನೂರರ ಆಸುಪಾಸು. ರೀಗಾ ಉಳಿಯಿತು. ಖೊಡ್ಕೆವಿಚ್ ಅದೇ ವರ್ಷ ಮಹಾ ಹೆಟ್ಮನ್ ಆದ. ರೋಮಿನ ಪೋಪ್ ಅಭಿನಂದನೆ ಕಳಿಸಿದರು.

ಇನ್ನೇನು, ಲಿವೋನಿಯಾದಿಂದ ಸ್ವೀಡರನ್ನು ಪೂರ್ತಿ ಓಡಿಸಬಹುದಿತ್ತು. ಆದರೆ ಸಂಬಳ ಬರಲಿಲ್ಲ. ಹುಸಾರನ ಕುದುರೆ ಹುಸಾರನದೇ. ಅವನೇ ಹಣ ಹಾಕಿ ಕೊಂಡದ್ದು. ಕಿರ್ಖೋಲ್ಮ್‌ನಲ್ಲಿ ಸತ್ತ ಜನ ಕಡಿಮೆ ಇರಬಹುದು, ಸತ್ತ ಕುದುರೆಗಳು ಕಡಿಮೆ ಇರಲಿಲ್ಲ. ಬರಿಗೈಯಲ್ಲಿ ನಿಂತ ಗೆದ್ದ ಸೈನಿಕರು ಒಕ್ಕೂಟ ಕಟ್ಟಿಕೊಂಡು ತಮ್ಮದೇ ದೇಶದೊಳಗೆ ಬಾಕಿ ವಸೂಲಿಗೆ ಹೊರಟರು. ರೈತರ ಕಣಜ ಖಾಲಿಯಾಯಿತು. ನಮ್ಮಲ್ಲಿ ವ್ಯಾಜ್ಯದ ಬಗ್ಗೆ ಒಂದು ಮಾತಿದೆ, ಗೆದ್ದವನು ಸೋತ, ಸೋತವನು ಸತ್ತ ಅಂತ. ಅದನ್ನು ಕಿರ್ಖೋಲ್ಮ್ ಬಯಲಿನಲ್ಲಿ ನಿಂತೇ ಹೇಳಿದರೋ ಏನೋ ಅನ್ನಿಸುತ್ತದೆ.

ಮರುವರ್ಷ ಪೋಲೆಂಡಿನಲ್ಲಿ ದೊರೆಯ ವಿರುದ್ಧವೇ ಸರದಾರರು ದಂಗೆ ಎದ್ದರು. ಮುಂದಾಳುಗಳಲ್ಲಿ ಒಬ್ಬ ಯಾನುಷ್ ರಾದ್ಜಿವಿಲ್. ಹೌದು, ಸ್ಲುತ್ಸ್ಕ್ ಮದುವೆಯ ಗಂಡು. ಖೊಡ್ಕೆವಿಚ್ ದೊರೆಯ ಕಡೆ ನಿಂತ. 1607ರ ಜುಲೈನಲ್ಲಿ ಗುಜುವ್ ಬಯಲಿನಲ್ಲಿ ದಂಗೆಕೋರರನ್ನು ಸೋಲಿಸಿದ ಸೈನ್ಯದಲ್ಲಿ ಅವನೂ ಇದ್ದ. ವಿಲ್ನಿಯಸ್ ಬೀದಿಯಲ್ಲಿ ಹಾರದೆ ಉಳಿದ ಗುಂಡು ಏಳು ವರ್ಷದ ಮೇಲೆ ಗುಜುವ್‌ನಲ್ಲಿ ಹಾರಿತು. ಸ್ವೀಡನ್ ಗಡಿಯಲ್ಲಿ ಕಾದು ನಿಂತಿರುವಾಗ ಲಿಥುವೇನಿಯಾದ ದಂಡನಾಯಕ ಪೋಲೆಂಡಿನ ಮಧ್ಯದಲ್ಲಿ ತನ್ನವರ ಮೇಲೆಯೇ ಕತ್ತಿ ಎತ್ತಬೇಕಾಯಿತು. ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1609ರಲ್ಲಿ ಮತ್ತೆ ಲಿವೋನಿಯಾ. ಪೆರ್ನೌ ಬಂದರನ್ನು ಹಿಡಿದ. ಹಡಗು ಪಡೆಯೇ ಇಲ್ಲದ ದೇಶದ ಹೆಟ್ಮನ್ ಒಂದಿಷ್ಟು ಹಡಗು ಒಟ್ಟುಮಾಡಿ, ರಾತ್ರಿ ಹೊತ್ತು ಅವುಗಳಿಗೆ ಬೆಂಕಿ ಇಟ್ಟು ಸ್ವೀಡರ ಹಡಗುಗಳ ಕಡೆ ತೇಲಿಬಿಟ್ಟ. ಅದೂ ಫಲ ಕೊಟ್ಟಿತು. ಅದೇ ಕಾಲದಲ್ಲಿ ಲಿಥುವೇನಿಯಾದ ಪಶ್ಚಿಮಕ್ಕೆ ಕ್ರೆಟಿಂಗಾ ಅನ್ನುವ ಪಟ್ಟಣ ಕಟ್ಟಿದ, ಅಲ್ಲೊಂದು ಸನ್ಯಾಸಿ ಮಠ ಕಟ್ಟಿಸಿದ. ಕ್ರಾಜಿಯಾಯ್ ಊರಿನ ಕಾಲೇಜಿಗೂ ಅವನದೇ ಹಣ.

ಮಾಸ್ಕೋ ಮಾತ್ರ ಅವನಿಗೆ ಒಲಿಯಲಿಲ್ಲ. 1610ರಲ್ಲಿ ಪೋಲೆಂಡಿನ ಸೈನ್ಯ ಮಾಸ್ಕೋದ ಕೋಟೆ ಕ್ರೆಮ್ಲಿನ್ ಒಳಗೆ ಹೋಗಿ ಕೂತಿತ್ತು. ಹೊರಗೆ ರಷ್ಯಾದ ಜನ ತಿರುಗಿಬಿದ್ದರು. ಒಳಗಿನವರಿಗೆ ಅನ್ನವಿಲ್ಲ. ಅವರಿಗೆ ಆಹಾರ ತಲುಪಿಸುವ ಕೆಲಸ ಖೊಡ್ಕೆವಿಚ್ ತಲೆಗೆ ಬಂತು. 1612ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ನೂರಾರು ಗಾಡಿ ತುಂಬ ದವಸ ತಂದ. ರಷ್ಯಾದ ಪಡೆಯ ಮುಂದೆ ರಾಜಕುಮಾರ ಪೊಝಾರ್‌ಸ್ಕಿ, ಅವನ ಜೊತೆ ಕುಜ್ಮಾ ಮಿನಿನ್ ಎಂಬ ವ್ಯಾಪಾರಿ. ಮೂರು ದಿನ ಬೀದಿ ಬೀದಿಯಲ್ಲಿ ಕಾದಾಡಿದರು. ಹುಸಾರರ ಭರ್ಜಿ ಬಯಲಿಗೆ ಸರಿ, ಸುಟ್ಟ ಮನೆಗಳ ನಡುವೆ, ಕಂದಕಗಳ ನಡುವೆ ಅದಕ್ಕೆ ಜಾಗವೆಲ್ಲಿ? ಗಾಡಿಗಳು ಶತ್ರುಗಳ ಕೈಸೇರಿದವು. ಅವನು ಹಿಂದಕ್ಕೆ ಸರಿದ. ಕ್ರೆಮ್ಲಿನ್ ಒಳಗಿದ್ದವರು ಹಸಿವಿನಿಂದ ಮನುಷ್ಯರ ಮಾಂಸ ತಿನ್ನುವ ಸ್ಥಿತಿಗೆ ಬಂದು ನವೆಂಬರಿನಲ್ಲಿ ಶರಣಾದರು. ರಷ್ಯಾದಲ್ಲಿ ಈಗ ನವೆಂಬರ್ 4ಕ್ಕೆ ರಜೆ ಕೊಡುವುದು ಇದರ ನೆನಪಿಗೇ. ಅದರ ಮರುವರ್ಷ ಖೊಡ್ಕೆವಿಚ್‌ನ ಮಗ ಹಿಯೆರೊನಿಮ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ.

1618ರಲ್ಲಿ ಇನ್ನೊಮ್ಮೆ ಮಾಸ್ಕೋ ಗೋಡೆಯ ತನಕ ಹೋದ, ಒಳಗೆ ನುಗ್ಗಲಾಗಲಿಲ್ಲ. ಆದರೂ ಆ ವರ್ಷದ ಕೊನೆಯ ಒಪ್ಪಂದದಲ್ಲಿ ರಷ್ಯಾದ ಗಡಿಯ ಸ್ಮೊಲೆನ್‌ಸ್ಕ್ ಪಟ್ಟಣ ಇವರಿಗೆ ಸಿಕ್ಕಿತು. ಮಾಸ್ಕೋ ದಂಡಯಾತ್ರೆಯಲ್ಲಿ ಇವರಿಗೆ ನೆರವಾಗಿ ಬಂದವನು ಕೊಸಾಕರ ನಾಯಕ ಪೆಟ್ರೋ ಸಹೈದಾಚ್ನಿ.

1620ರಲ್ಲಿ ತುರ್ಕರು ಪೋಲೆಂಡಿನ ಸೈನ್ಯವನ್ನು ಪೂರ್ತಿ ಅಳಿಸಿಹಾಕಿದರು. ಪೋಲೆಂಡಿನ ಹೆಟ್ಮನ್ ಝುವ್ಕಿಯೆವ್‌ಸ್ಕಿ ಸತ್ತ. ಅವನ ತಲೆ ಇಸ್ತಾಂಬುಲ್‌ಗೆ ಹೋಯಿತು. ಮುಂದಿನ ವರ್ಷ ಸುಲ್ತಾನ ಎರಡನೇ ಉಸ್ಮಾನ್ ತಾನೇ ದಂಡೆತ್ತಿ ಬಂದ. ಅವನಿಗಿನ್ನೂ ಹದಿನಾರು ವರ್ಷ. ಪೋಲೆಂಡಿನಲ್ಲಿ ಸೈನ್ಯ ನಡೆಸುವವರು ಯಾರೂ ಉಳಿದಿರಲಿಲ್ಲ. ಎರಡೂ ಸೈನ್ಯಗಳ ಹೊಣೆ ಲಿಥುವೇನಿಯಾದ ಈ ಮುದುಕನ ಹೆಗಲಿಗೆ ಬಂತು. ವಯಸ್ಸು ಅರವತ್ತು, ಮೈಯಲ್ಲಿ ರೋಗ. ಮೊದಲ ಹೆಂಡತಿ ತೀರಿಕೊಂಡು, ಇಪ್ಪತ್ತು ವರ್ಷದ ಆನ್ನಾ ಓಸ್ಟ್ರೋಗ್‌ಸ್ಕಾಳನ್ನು ಮದುವೆಯಾಗಿ ಒಂದು ವರ್ಷ ಕೂಡ ಆಗಿರಲಿಲ್ಲ.

ನೀಸ್ಟರ್ ನದಿಯ ದಡದ ಖೋಟಿನ್ ಕೋಟೆಯ ಮುಂದೆ ಅವನು ಪಾಳೆಯ ಹಾಕಿಸಿ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿದ. ಸಹೈದಾಚ್ನಿ ಸಾವಿರಾರು ಕೊಸಾಕರ ಜೊತೆ ಬಂದು ಪಕ್ಕದಲ್ಲಿ ನಿಂತ. ಸೆಪ್ಟೆಂಬರ್ 2ಕ್ಕೆ ಮುತ್ತಿಗೆ ಶುರು. 7ರಂದು ತುರ್ಕರು ಪಾಳೆಯದ ಅಂಚಿಗೆ ಬಂದಾಗ, ಈ ರೋಗಿಷ್ಠ ಮುದುಕ ಕುದುರೆ ಏರಿ, ಸುಮಾರು 600 ಹುಸಾರರನ್ನು ತಾನೇ ಮುಂದೆ ನಿಂತು ನುಗ್ಗಿಸಿದ. ಹತ್ತಾರು ಪಟ್ಟು ಜನರನ್ನು ಹಿಂದಕ್ಕೆ ತಳ್ಳಿದ. ದಿನಗಳು ಕಳೆದ ಹಾಗೆ ಕುದುರೆಗಳು ಮೇವಿಲ್ಲದೆ ಸತ್ತವು, ಸಿಡಿಮದ್ದು ಮುಗಿಯುತ್ತಾ ಬಂತು. ಅವನಿಂದ ಮೇಲೇಳಲು ಆಗಲಿಲ್ಲ. 23ರಂದು ದಂಡನಾಯಕನ ಕೋಲನ್ನು ತನ್ನ ಕೈಕೆಳಗಿನ ಸರದಾರ ಸ್ಟಾನಿಸ್ಲಾವ್ ಲುಬೊಮಿರ್‌ಸ್ಕಿಯ ಕೈಗೆ ಕೊಟ್ಟ. 24ರಂದು ಕೋಟೆಯೊಳಗೆ ಪ್ರಾಣ ಬಿಟ್ಟ.

ಪಾಳೆಯ ಬೀಳಲಿಲ್ಲ. ಅಕ್ಟೋಬರ್ 9ಕ್ಕೆ ಉಸ್ಮಾನ್ ಒಪ್ಪಂದ ಮಾಡಿಕೊಂಡು ಹಿಂದಿರುಗಿದ. ಮುಂದಿನ ವರ್ಷ ಅವನದೇ ಪಡೆ ಅವನನ್ನು ಕೊಂದಿತು. ಆನ್ನಾ ಗಂಡನ ದೇಹವನ್ನು ಓಸ್ಟ್ರೋಗ್‌ನಲ್ಲಿ ಮಣ್ಣು ಮಾಡಿಸಿದಳು. ಮತ್ತೆ ಮದುವೆಯಾಗಲಿಲ್ಲ. ಖೋಟಿನ್ ಉಳಿಸಿದ ಸೈನಿಕರಿಗೂ ಸಂಬಳ ಸಿಗಲಿಲ್ಲ, 1622ರಲ್ಲಿ ಅವರೂ ಒಕ್ಕೂಟ ಕಟ್ಟಿದರು.

ಅತ್ತ ಉತ್ತರದಲ್ಲಿ, ಹೆಟ್ಮನ್ ಖೋಟಿನ್‌ನಲ್ಲಿ ಸಾಯುತ್ತಿದ್ದ ಅದೇ ಸೆಪ್ಟೆಂಬರ್ ಕೊನೆಯ ವಾರ, ಒಂಬತ್ತನೇ ಚಾರ್ಲ್ಸ್‌ನ ಮಗ ಗುಸ್ತಾವ್ ಅಡಾಲ್ಫ್ ರೀಗಾ ಮುಂದೆ ನಿಂತಿದ್ದ. ಲಿಥುವೇನಿಯಾದ ಸೈನ್ಯದ ಬಹುಪಾಲು ದಕ್ಷಿಣಕ್ಕೆ ಹೋಗಿತ್ತು. ಪಟ್ಟಣದ ಜನ ತಿಂಗಳ ಕಾಲ ಕಾದಾಡಿದರು. ಬಿಡಿಸಲು ಬಂದ ಪಡೆ ತೀರಾ ಚಿಕ್ಕದು. ಹದಿನಾರು ವರ್ಷದ ಹಿಂದೆ ಖೊಡ್ಕೆವಿಚ್ ಒಂದು ಬೆಳಗ್ಗೆ ಉಳಿಸಿಕೊಟ್ಟ ರೀಗಾ ಬಾಗಿಲು ತೆರೆಯಿತು.

ನಮಸ್ಕಾರ.