ಮುಖ ಸುಟ್ಟವರಿಗೆ ದಿಂಬು ಬೇಡ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿರುತ್ತದೆ. ಭಜಿ ಕರಿಯುವ ಎಣ್ಣೆಯೋ ಕುಕ್ಕರಿನ ಹಬೆಯೋ ಮುಖಕ್ಕೆ ಹೊಡೆದಾಗ ಗಾಬರಿಯಲ್ಲಿ ಆ ನಳದ ಕೆಳಗೇ ತಲೆ ಹಿಡಿದರೆ ಸುಟ್ಟದ್ದರ ಮೇಲೆ ಮತ್ತೆ ಸುಟ್ಟಂತೆ. ಮಣ್ಣಿನ ಕೊಡದ ನೀರು ತಕ್ಕದ್ದು. ಗಾಯಾಳುವನ್ನು ಕೂರಿಸಿ, ಮುಖ ತುಸು ಮುಂದೆ ಬಾಗಿಸಿ, ಮೂಗು ಬಾಯಿಗೆ ಹೋಗದಂತೆ ತಂಬಿಗೆಯಿಂದ ಮೆಲ್ಲಗೆ 20 ನಿಮಿಷ ಸುರಿಯಿರಿ. ಸುಟ್ಟು 3 ಗಂಟೆಯೊಳಗೆ ಮಾಡಿದರೂ ಇದರಿಂದ ಉಪಯೋಗವಿದೆ. ಮಂಜುಗಡ್ಡೆ ಬೇಡ. ಅದು ರಕ್ತನಾಳಗಳನ್ನು ಬಿಗಿಸಿ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಟೂತ್‌ಪೇಸ್ಟ್, ಅರಿಶಿನ, ಮಸಿ ಹಚ್ಚಿ ತಂದರೆ ವೈದ್ಯರಿಗೆ ಗಾಯದ ಆಳವೇ ಕಾಣುವುದಿಲ್ಲ. ಅದನ್ನು ಉಜ್ಜಿ ತೆಗೆಯುವ ನೋವು ಬೇರೆ.

ಈ ಹೊತ್ತಿನಲ್ಲೇ ತಾಳಿ, ಓಲೆ, ಮೂಗುತಿ ತೆಗೆದುಬಿಡಿ. ತಾಳಿಗೆ ಕೈ ಹಚ್ಚಲು ಮನೆಯವರು ಹಿಂಜರಿಯುವುದುಂಟು. ಕುತ್ತಿಗೆ ಬಾತ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಸಿಮೆಂಟು, ಸುಣ್ಣ ಕಣ್ಣಿಗೆ ಬಿದ್ದರೆ ಲೆಕ್ಕ ಬೇರೆ. ಮುಖದ ಮೇಲಿನ ಒಣ ಪುಡಿಯನ್ನು ಮೊದಲು ಬಟ್ಟೆಯಿಂದ ಝಾಡಿಸಿ, ಆಮೇಲೆ ರೆಪ್ಪೆ ಅಗಲಿಸಿ ಕನಿಷ್ಠ 30 ನಿಮಿಷ ನೀರು ಹರಿಸಬೇಕು. ಆ್ಯಸಿಡ್‌ಗೂ ಧಾರಾಳ ನೀರೇ. ಆ್ಯಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನೆನಪಿರಲಿ.

ಮುಖದ ಸುಟ್ಟಗಾಯದಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಚರ್ಮವಲ್ಲ, ಗಂಟಲು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಂಕಿ ಹತ್ತಿದ್ದರೆ ಮೂಗಿನ ಕೂದಲು ಸುಟ್ಟಿದೆಯೇ, ಉಗುಳಿನಲ್ಲಿ ಮಸಿ ಇದೆಯೇ, ದನಿ ಗೊಗ್ಗರಾಗಿದೆಯೇ ನೋಡಿ. ಉಸಿರೆಳೆಯುವಾಗ ಸಿಳ್ಳಿನಂಥ ಸದ್ದು ಬಂದರೆ 20 ನಿಮಿಷ ಎಣಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಈಗ ಚೆನ್ನಾಗಿ ಮಾತಾಡುತ್ತಿರುವವರಿಗೂ ಬಾವು ಮುಂದಿನ 24 ಗಂಟೆ ಏರುತ್ತಲೇ ಹೋಗಬಹುದು. ಬಾವು ಗಂಟಲಿನ ದಾರಿ ಮುಚ್ಚಿದ ಮೇಲೆ ಉಸಿರಾಡಿಸುವ ನಳಿಗೆಯನ್ನು ಒಳಗೆ ಇಳಿಸುವುದು ಬಲು ಕಷ್ಟ. ಆದ್ದರಿಂದಲೇ ವೈದ್ಯರು ಕೆಲವೊಮ್ಮೆ ತೊಂದರೆ ಕಾಣುವ ಮೊದಲೇ ಅದನ್ನು ಹಾಕುತ್ತಾರೆ. ‘ಮಾತಾಡ್ತಿದ್ರಲ್ಲ, ನಳಿಗಿ ಯಾಕ್ರೀ’ ಎಂದು ಜಗಳಕ್ಕೆ ನಿಲ್ಲುವವರು ಇದನ್ನು ತಿಳಿಯಬೇಕು. ರೆಪ್ಪೆಗಳೂ ಬಾತು ಮುಚ್ಚಿಕೊಳ್ಳುತ್ತವೆ, ಹಾಗಾಗಿ ಕಣ್ಣಿನ ಪರೀಕ್ಷೆ ಅದಕ್ಕೂ ಮೊದಲೇ ಆಗಬೇಕು.

ದೊಡ್ಡವರ ತಲೆ, ಮುಖ, ಕುತ್ತಿಗೆ ಸೇರಿ ಮೈಚರ್ಮದ ನೂರಕ್ಕೆ 9 ಪಾಲು. ವರ್ಷದೊಳಗಿನ ಕೂಸಿಗೆ 18. ನೂರಕ್ಕೆ 10 ಪಾಲು ಸುಟ್ಟರೂ ಮಕ್ಕಳಿಗೆ ಸಲಾಯಿನ್ ಬೇಕಾಗುತ್ತದೆ. ಅಂದರೆ ಕೂಸಿನ ತಲೆ ಮೇಲೆ ಚಹಾ ಚೆಲ್ಲಿದ್ದನ್ನೂ ಸಣ್ಣದೆಂದು ಬಿಡುವಂತಿಲ್ಲ. ನೀರು ಸುರಿಯುವಾಗ ಕೂಸಿನ ಉಳಿದ ಮೈ ಬೆಚ್ಚಗೆ ಸುತ್ತಿರಿ.

ಇನ್ನು ದಿಂಬು. ಕುತ್ತಿಗೆ ಸುಟ್ಟವರಿಗೆ ತಲೆ ಬಾಗಿಸಿಕೊಂಡರೆ ಹಿತ. ಮನೆಯವರು ಕನಿಕರದಿಂದ ದಿಂಬು ಕೊಡುತ್ತಾರೆ. ಮುಂದೆ ಬಾಗಿದ ಕುತ್ತಿಗೆ ಹಾಗೇ ಮಾಯ್ದು, ಗದ್ದ ಎದೆಗೆ ಅಂಟಿದಂತಾಗುತ್ತದೆ. ಕಿವಿಯಲ್ಲಿ ಮೃದ್ವಸ್ಥಿ ಎಂಬ ಮೆತ್ತನೆಯ ಎಲುಬಿನ ಮೇಲೆ ತೆಳ್ಳನೆಯ ಚರ್ಮ ಬಿಟ್ಟರೆ ಬೇರೇನೂ ಇಲ್ಲ. ದಿಂಬು ಒತ್ತಿದರೆ ಅಲ್ಲಿ ಕೀವಾಗಿ ಕಿವಿಯ ಆಕಾರವೇ ಹೋಗುತ್ತದೆ. ತಲೆ ಎತ್ತರದಲ್ಲಿದ್ದರೆ ಬಾವು ಇಳಿಯುತ್ತದೆ ನಿಜ. ಅದಕ್ಕೆ ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ, ವೈದ್ಯರು ಒಪ್ಪಿದರೆ ಹೆಗಲ ಕೆಳಗೆ ಟವೆಲ್ ಸುತ್ತಿಡಿ.

ಮೂರು ವಾರದೊಳಗೆ ಮಾಯದ ಗಾಯಕ್ಕೆ ಸಾಮಾನ್ಯವಾಗಿ ಬೇರೆಡೆಯ ಚರ್ಮ ತೆಗೆದು ಕೂರಿಸುತ್ತಾರೆ. ಆಮೇಲೂ ಕಲೆ ತಿಂಗಳುಗಟ್ಟಲೆ ಬಿಗಿಯುತ್ತದೆ. ದಿನವೂ ಛತ್ತು ನೋಡುವಂತೆ ಕುತ್ತಿಗೆ ಎತ್ತಬೇಕು. ತುಟಿಯ ಅಂಚು ಸುಟ್ಟಿದ್ದರೆ ಬಾಯಿ ಅಗಲಿಸುವ ವ್ಯಾಯಾಮ ಬೇಕು. ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಿದರೆ ಸರಿ, ಇಲ್ಲದಿದ್ದರೆ ರೊಟ್ಟಿ ಕಡಿಯುವುದೇ ಕಷ್ಟ. ಕಲೆ ಬಿಗಿಯದಂತೆ ಕಟ್ಟುವ ಕುತ್ತಿಗೆ ಪಟ್ಟಿಯನ್ನು ದಿನಕ್ಕೆ 23 ಗಂಟೆ ಹಾಕಿರಬೇಕು, ಸ್ನಾನ ಮತ್ತು ಎಣ್ಣೆ ತಿಕ್ಕುವುದಕ್ಕಷ್ಟೇ ತೆಗೆಯುವುದು. ನಮ್ಮ ಬಿಸಿಲಿಗೆ ಜನ ಅದನ್ನು ಏಪ್ರಿಲ್‌ನಲ್ಲೇ ಮೂಲೆಗಿಡುತ್ತಾರೆ. ಎರಡು ಮಾಡಿಸಿಕೊಳ್ಳಿ. ಬೆವರಿದ್ದನ್ನು ತೊಳೆದು ನೆರಳಲ್ಲಿ ಒಣಹಾಕಿ, ಇನ್ನೊಂದನ್ನು ಕಟ್ಟಿಕೊಳ್ಳಿ.

ನಮಸ್ಕಾರ.